ಮಂಗಳವಾರದ ಪಿಸ್ತೂಲು

ಗಡಗಡಗಡ.

ದನಗಳು ದಾಟದಿರಲೆಂದು ರಸ್ತೆಗೆ ಅಡ್ಡಲಾಗಿ ಹುಗಿದ ಕಬ್ಬಿಣದ ಕಂಬಿಗಳ ಮೇಲೆ ಗಾಡಿ ಹಾಯುವ ಸದ್ದು ಅದು. ಡೆಲ್ಮರ್ ಟಿಪೆಟ್‌ನ ಮನೆ ಆ ಕಂಬಿಗಳ ಪಕ್ಕದಲ್ಲೇ ಇದೆ. ನಮ್ಮ ಬಿಟರ್ ವೆಲ್ಸ್‌ನ ಕಟ್ಟಕಡೆಯ ಮನೆ. ಅಲ್ಲಿಂದಾಚೆ ನೆವಾಡಾದ ಬಯಲು, ಬೂದುಬಣ್ಣದ ಕುರುಚಲು ಗಿಡ, ಹಗಲಿಡೀ ಬೀಸುವ ಗಾಳಿ, ಮತ್ತು ಜಲ್ಲಿಗುಂಡಿಗೆ ಹೋಗುವ ಒಂದು ಮಣ್ಣಿನ ರಸ್ತೆ. ಆ ರಸ್ತೆ ಬೇರೆಲ್ಲಿಗೂ ಹೋಗುವುದಿಲ್ಲ. ಕಂಬಿ ಗಡಗಡ ಎಂದರೆ ಯಾರೋ ಗುಂಡು ಹಾರಿಸಲು ಹೊರಟರು ಎಂದೇ ಅರ್ಥ. ಯಾರು ಎನ್ನುವುದನ್ನು ಡೆಲ್ಮರ್‌ನ ಹೆಂಡತಿ ವನೀಟಾ ಒಲೆಯ ಕಡೆ ಮುಖ ಮಾಡಿ ನಿಂತಲ್ಲಿಂದಲೇ ಹೇಳುತ್ತಿದ್ದಳು.

“ಬೆಲ್ಟ್ರಾನ್,” ಎನ್ನುವಳು. “ಆ ಹಿಂದಿನ ಚಕ್ರ ಒಂದಿನ ಕಳಚಿಕೊಂಡು, ಅವನಿಗಿಂತ ಮುಂಚೆ ಹೋಗಿ ಗುಂಡು ಹೊಡೀತಿರುತ್ತೆ ನೋಡು.”

ಜಲ್ಲಿಗುಂಡಿ ಎಂದರೆ ಹಿಂದೆ ರಸ್ತೆಯವರು ಜಲ್ಲಿ ತೆಗೆದು ಬಿಟ್ಟುಹೋದ ಜಾಗ. ಮೂರು ಕಡೆ ಬಿಳಿಚಿಕೊಂಡ ಮಣ್ಣಿನ ದಿಬ್ಬ. ಒಂದು ತಗಡಿನ ಚಪ್ಪರ, ಅದರಡಿ ಉದ್ದನೆಯ ಬೆಂಚು, ಬೆಂಚಿನ ಹಿಂದೆ ನೆಲದ ಮೇಲೊಂದು ಹಳದಿ ಗೆರೆ. ಎದುರಿನ ದಿಬ್ಬದ ಮುಂದೆ ಸರಪಳಿಯಲ್ಲಿ ತೂಗುಬಿಟ್ಟ ಹಳೆಯ ಲಾಳಗಳು. ಗುಂಡು ತಗುಲಿದರೆ ಟಣ್ಣೆನ್ನುತ್ತವೆ. ಲಾಳಗಳು ಡೆಲ್ಮರ್‌ನವು. ಬೆಂಚು ಬಡಿದವನೂ ಅವನೇ, ಗೆರೆ ಎಳೆದವನೂ ಅವನೇ. ಕಂಬಕ್ಕೆ ಹೊಡೆದ ಫಲಕದಲ್ಲಿ ಕೆಂಪು ಬಣ್ಣದಿಂದ ನಿಯಮ ಬರೆದವನೂ ಅವನೇ: ಗಾಡಿ ಬಂದರೆ ಗುಂಡು ನಿಲ್ಲಿಸು. ಬಂದೂಕನ್ನು ಖಾಲಿ ಮಾಡಿ, ತೋಟಾ ಹಾಕುವ ಬಾಯಿ ತೆರೆದು ಬೆಂಚಿನ ಮೇಲಿಡು. ಗೆರೆಯ ಹಿಂದೆ ಬಾ. ಬಂದವರು ಕಣ್ಣಾರೆ ನೋಡಿ ಆಯಿತು ಎನ್ನುವ ತನಕ ಮುಟ್ಟಬೇಡ. ಮುಟ್ಟಿದರೆ ಮನೆಗೆ ಹೋಗು. ಈ ಕೊನೆಯ ಸಾಲಿನ ಪ್ರಕಾರ ಅವನು ಊರಿನ ಪಾದ್ರಿಯನ್ನೂ ಒಮ್ಮೆ ಮನೆಗೆ ಕಳಿಸಿದ್ದ. ಪಾದ್ರಿ ಆಮೇಲೆ ತಾಳ್ಮೆಯ ಬಗ್ಗೆ ಸಾಲಾಗಿ ಮೂರು ಭಾನುವಾರ ಬೋಧಿಸಿದರು. ಡೆಲ್ಮರ್ ಮೂರೂ ಭಾನುವಾರ ಮುಂದಿನ ಸಾಲಲ್ಲಿ ಕೂತು ನಿದ್ದೆ ಮಾಡಿದ.

ಅವನ ಕಸುಬು ಕುದುರೆಗಳಿಗೆ ಲಾಳ ಕಟ್ಟುವುದಾಗಿತ್ತು. ಈ ಕಣಿವೆಯ ಕುದುರೆಗಳೆಲ್ಲ ಯಾವಾಗಲಾದರೊಮ್ಮೆ ಅವನ ತೊಡೆಯ ಮೇಲೆ ಕಾಲಿಟ್ಟು ನಿಂತಂಥವೇ. ಒದೆಸಿಕೊಂಡಿದ್ದಾನೆ, ಕಚ್ಚಿಸಿಕೊಂಡಿದ್ದಾನೆ, ಒಂದು ಹೇಸರಗತ್ತೆ ಅವನ ಟೋಪಿಯನ್ನು ತಿಂದೂ ಹಾಕಿದೆ. ಆದರೆ ಅವನ ಹೆಬ್ಬೆರಳುಗಳನ್ನು ಹಾಳುಮಾಡಿದ್ದು ಯಾವ ಕುದುರೆಯೂ ಅಲ್ಲ, ಜೀವಮಾನವಿಡೀ ಹಿಡಿದ ಸುತ್ತಿಗೆ ಮತ್ತು ಇಕ್ಕಳ. ಕಸುಬು ಬಿಟ್ಟ ಮೇಲೆ ಬೆರಳಿನ ಬುಡ ಊದಿಕೊಂಡು, ಬೆಳಗಿನ ಹೊತ್ತು ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿಯುವಂತಾಯಿತು.

ಎಲ್ಕೋ ಪಟ್ಟಣದ ಮೂಳೆ ಡಾಕ್ಟರು ಕೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಆ ದೊಡ್ಡ ರಿವಾಲ್ವರ್ ಇನ್ನು ಸಾಕು, ಮಿಸ್ಟರ್ ಟಿಪೆಟ್. ಹಿಂಗೇ ಹೊಡೀತಾ ಹೋದ್ರೆ ಮುಂದಿನ ವರ್ಷ ನಿಮ್ಮ ಅಂಗಿ ಗುಂಡಿ ಹಾಕ್ಕೊಳೋಕೂ ಆಗಲ್ಲ,” ಅಂದರು.

“ನನ್ನ ಅಂಗಿಗಳಿಗೆಲ್ಲ ಟಿಚ್ ಬಟನ್ನು ಡಾಕ್ಟ್ರೇ,” ಅಂದ ಡೆಲ್ಮರ್.

ಆ ದೊಡ್ಡ ರಿವಾಲ್ವರಿನ ಹೆಸರು ಬಿಷಪ್. ಅದು ಮಾತಾಡಿದರೆ ಎಲ್ಲರೂ ತಲೆ ತಗ್ಗಿಸಬೇಕು ಎಂದು ಡೆಲ್ಮರ್ ಇಟ್ಟ ಹೆಸರು. ಶನಿವಾರ ಬೆಳಿಗ್ಗೆ ಊರೆಲ್ಲ ಜಲ್ಲಿಗುಂಡಿಯಲ್ಲಿ ಸೇರುವಾಗ ಅದರ ಧಢಂ ನಮ್ಮ ಅಡುಗೆಮನೆಯ ತಟ್ಟೆಗಳನ್ನು ನಡುಗಿಸುತ್ತಿತ್ತು. ಬಿಷಪ್‌ಗಿಂತ ಚಿಕ್ಕದೆಲ್ಲ ಡೆಲ್ಮರ್‌ಗೆ ತಮಾಷೆಯ ವಸ್ತು. ಅದರಲ್ಲೂ ಕಡಲೆಬೀಜದಷ್ಟು ಪುಟ್ಟ ತೋಟಾ ಹಾಕುವ, ಇಪ್ಪತ್ತೆರಡರ ಅಳತೆಯ ಪಿಸ್ತೂಲು ಕಂಡರಂತೂ ಮುಗಿಯಿತು. “ಇದು ಗುಂಡು ಹೊಡೆಯಲ್ಲ, ಕೆಮ್ಮುತ್ತೆ. ಇದರಲ್ಲಿ ಮೊಲಕ್ಕೆ ಹೊಡೆದ್ರೆ ಅದು ತಿರುಗಿ ನೋಡಿ, ಯಾರಪ್ಪಾ ಕರೆದಿದ್ದು ಅಂತ ಕೇಳುತ್ತೆ.” ಕೊನೆಗೆ ಎಲ್ಲಿಂದಲೋ ಮಗುವಿನ ಹಾಲಿನ ಬಾಟಲಿಯೊಂದನ್ನು ತಂದು, ಅದಕ್ಕೆ ಚರ್ಮದ ದಾರ ಕಟ್ಟಿ, ಫಲಕದ ಪಕ್ಕದ ಮೊಳೆಗೆ ನೇತುಹಾಕಿದ. ಶನಿವಾರ ಯಾರು ಇಪ್ಪತ್ತೆರಡರ ಪಿಸ್ತೂಲು ತರುತ್ತಾರೋ ಅವರು ಅದನ್ನು ಕೊರಳಿಗೆ ಹಾಕಿಕೊಂಡೇ ಹೊಡೆಯಬೇಕು.

ಅದನ್ನು ಮೊದಲು ಹಾಕಿಕೊಂಡವಳು ನನ್ನ ಅತ್ತೆ ಕ್ಲೀಟಾ. ನಮ್ಮಪ್ಪನ ಅಕ್ಕ. ಊರಿನ ಶಾಲೆಯ ಬಸ್ಸನ್ನು ಹಿಮದಲ್ಲೂ ಹೂತುಹೋಗದಂತೆ ಓಡಿಸಿದವಳು. ಊರಿನ ಅರ್ಧ ಜನ ಅವಳಿಂದ ಬೈಸಿಕೊಂಡೇ ದೊಡ್ಡವರಾದವರು. ಭುಜದ ಆಪರೇಷನ್ ಮುಗಿಸಿಕೊಂಡು, ದೊಡ್ಡ ಪಿಸ್ತೂಲು ಎತ್ತಲಾಗದೆ ಚಿಕ್ಕದನ್ನು ಹಿಡಿದು ಬಂದ ಮೊದಲ ಶನಿವಾರವೇ ಡೆಲ್ಮರ್ ಬಾಟಲಿ ತಂದು ಅವಳ ಕೊರಳಿಗೆ ಹಾಕಿದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ವಾಪಸು ಬರುವಾಗ ಜೀಪಿನಲ್ಲಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು. ಅಂದಿನಿಂದ ಅವಳು ಶನಿವಾರ ಜಲ್ಲಿಗುಂಡಿಗೆ ಹೋಗಲಿಲ್ಲ. “ಪಾಪ, ಭುಜ ಇನ್ನೂ ಸರಿಹೋಗಿಲ್ಲ ಅನ್ಸುತ್ತೆ,” ಎಂದು ಡೆಲ್ಮರ್ ಅಂಚೆಕಚೇರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಅದು ನಿಜವಾದ ಅನುಕಂಪವೇ ಆಗಿತ್ತು. ಅದೇ ಅದರಲ್ಲಿದ್ದ ತೊಂದರೆ.

ಡಾಕ್ಟರ ಮಾತು ಕೇಳಿಕೊಂಡು ಬಂದ ಡೆಲ್ಮರ್ ಕೆಲವು ಶನಿವಾರ ತಪ್ಪಿಸಿದ. ಸೂರು ಸೋರುತ್ತಿದೆ ಅಂದ. ಹೊಗೆಗೂಡು ಕೆಟ್ಟಿದೆ ಅಂದ. ಆ ಬೇಸಿಗೆ ಟಿಪೆಟ್ ಮನೆಯ ಸೂರಿಗೆ ಆದಷ್ಟು ರಿಪೇರಿ ನಮ್ಮ ಚರ್ಚಿಗೂ ಆಗಿಲ್ಲ. ಶನಿವಾರ ಕಂಬಿಗಳು ಗಡಗಡ ಎಂದಾಗಲೆಲ್ಲ ಅವನು ಏಣಿಯ ಮೇಲೆ ಸುತ್ತಿಗೆ ಹಿಡಿದು, ಹೋಗುವ ಗಾಡಿಗೆ ಕೈ ಬೀಸುತ್ತಿದ್ದನಂತೆ. ಗಾಡಿ ಮರೆಯಾದ ಮೇಲೂ ಅಲ್ಲೇ ಕೂತಿರುತ್ತಿದ್ದನಂತೆ.

“ಇಳಿದು ಬಾ. ಇಲ್ಲ ಅಲ್ಲೇ ಗೂಡು ಕಟ್ಟು,” ಅಂದಳು ವನೀಟಾ ಒಂದು ದಿನ. “ಒಂದು ಚಿಕ್ಕ ಪಿಸ್ತೂಲು ತಗೋಬಾರದಾ? ಕ್ಲೀಟಾ ತಗೊಂಡಿಲ್ವಾ?”

“ನಾನು ಕ್ಲೀಟಾ ಅಲ್ಲ.”

“ಅದು ಗೊತ್ತು. ಅವಳಿಗೆ ಬಸ್ಸು ಹಿಮ್ಮುಖ ತಗೊಳೋಕೂ ಬರ್ತಿತ್ತು.”

ಡೆಲ್ಮರ್ ಮೂರು ಊರು ದಾಟಿ, ತನ್ನ ಗುರುತಿರದ ಅಂಗಡಿಯೊಂದಕ್ಕೆ ಹೋಗಿ, ಇಪ್ಪತ್ತೆರಡರ ಪಿಸ್ತೂಲು ಕೊಂಡು ತಂದ. ಅಂಗಡಿಯವನು ಅದನ್ನು ಕೈಗಿಡುತ್ತಾ, “ಮೊಮ್ಮಗಳಿಗಾ ಸರ್?” ಅಂತ ಕೇಳಿದನಂತೆ. ಹೌದು ಅಂದನಂತೆ ಡೆಲ್ಮರ್. ಅವನಿಗೆ ಮೊಮ್ಮಕ್ಕಳಿಲ್ಲ.

ಹೊಸ ಪಿಸ್ತೂಲನ್ನು ತಂದ ದಿನವೇ ನಂಬುವಂತಿಲ್ಲ. ಸ್ಪ್ರಿಂಗು ಬಿಗಿಯಾಗಿರುತ್ತದೆ, ಒಳಗಿನ ಲೋಹ ಲೋಹಕ್ಕೆ ಉಜ್ಜಿ ನುಣುಪಾಗಿರುವುದಿಲ್ಲ. ಡಬ್ಬಿಗಟ್ಟಲೆ ತೋಟಾ ಹೊಡೆದು ಪಳಗಿಸಬೇಕು. ಯಾವ ಕಂಪನಿಯ ತೋಟಾ ಅದಕ್ಕೆ ಒಗ್ಗುತ್ತದೆ, ಯಾವುದನ್ನು ಉಗುಳುತ್ತದೆ ಎಂದು ತಿಳಿದುಕೊಳ್ಳಬೇಕು. ಡೆಲ್ಮರ್ ಲೆಕ್ಕ ಹಾಕಿದ. ಶರತ್ಕಾಲದಲ್ಲಿ ಊರಿನವರು ನಡೆಸುವ ಗುರಿಪಂದ್ಯದ ಹೊತ್ತಿಗೆ ಪಿಸ್ತೂಲು ಪಳಗಿದರೆ, ದೂರದ ಲಾಳವನ್ನೇ ಸಾಲಾಗಿ ಬಾರಿಸಿ ನಗುವವರ ಬಾಯಿ ಮುಚ್ಚಿಸಬಹುದು. ಪಳಗದಿದ್ದರೆ ಜಲ್ಲಿಗುಂಡಿಯ ಋಣ ಮುಗಿಯಿತು. ಪಳಗುವ ಮೊದಲೇ ಯಾರಾದರೂ ಕಂಡರೆ ಮರ್ಯಾದೆಯ ಋಣವೂ ಮುಗಿಯಿತು. ಅದಕ್ಕೇ ಯಾರೂ ಇರುವುದಿಲ್ಲ ಎಂದುಕೊಂಡು ಮಂಗಳವಾರವನ್ನು ಆರಿಸಿಕೊಂಡ.

ತೋಟಾಗಳನ್ನು ಪಿಸ್ತೂಲಿನ ಹಿಡಿಯೊಳಗೆ ಸೇರಿಸುವ ಮ್ಯಾಗಜೀನಿಗೆ ಒತ್ತಿ ತುಂಬಲು ಅವನ ಹೆಬ್ಬೆರಳಿಗೆ ಆಗುತ್ತಿರಲಿಲ್ಲ. ಹಾಗಾಗಿ ವನೀಟಾ ಜೊತೆಗೆ ಹೋದಳು. ಅಲ್ಲಿ ನಡೆದದ್ದನ್ನು ಆಮೇಲೆ ನಮಗೆ ಹೇಳಿದವಳೂ ಅವಳೇ, ಬೀನ್ಸ್ ಬಿಡಿಸುತ್ತಾ, ಒಂದೂ ಬಿಡದೆ.

ಮೊದಲ ಮಂಗಳವಾರ ಅವಳು ಪಿಕಪ್ಪಿನ ಹಿಂಬದಿಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ತೋಟಾ ತುಂಬಿದಳು. ಡೆಲ್ಮರ್ ಕಿವಿಮುಚ್ಚಳ ಹಾಕಿ, ಗೆರೆಯ ಮೇಲೆ ನಿಂತು ಹೊಡೆದ. ಪಟ್. ಪಟ್. ಪಟ್. ಹುರಿಗಡಲೆ ಸಿಡಿದ ಹಾಗೆ. ಅವನು ತಿರುಗಿ ಸುತ್ತಲೂ ನೋಡಿದ. ಗುಡ್ಡದಾಚೆ ಬೆಲ್ಟ್ರಾನ್‌ನ ಕುರಿಗಳು ಮೇಯುವ ಹುಲ್ಲುಗಾವಲು. ಬೆಲ್ಟ್ರಾನ್ ಸ್ಪೇನಿನ ಕಡೆಯ ಬಾಸ್ಕ್ ಜನ. ಕುರಿಗಳ ಹಿಂದೆ ನಡೆದೂ ನಡೆದೂ ಅವನ ಕಿವಿ ಕುರಿಯ ಕಿವಿಯಷ್ಟೇ ಚುರುಕು ಎಂದು ಊರಲ್ಲಿ ಮಾತು.

“ಬೆಲ್ಟ್ರಾನ್‌ಗೆ ಈ ಪಟಪಟ ಕೇಳಿಸುತ್ತೆ,” ಅಂದ ಡೆಲ್ಮರ್. ನಂಬಿಕೆಯ ಬಿಷಪ್ಪನ್ನು ಚೀಲದಿಂದ ತೆಗೆದು, ಒಂದು ತೋಟಾ ಹಾಕಿ, ದಿಬ್ಬಕ್ಕೆ ಹೊಡೆದ. ಧಢಂ. ಕಣಿವೆಯಿಡೀ ಗುಡುಗಿತು. ಡೆಲ್ಮರ್ ಕೈಯನ್ನು ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿ, ಬೂಟಿನ ತುದಿಯಿಂದ ಬೆಂಚಿನ ಕಾಲಿಗೆ ಒದ್ದ.

“ಏನಾಯ್ತು ಈಗ?”

“ಈಗ ಅವನು, ಓ ಡೆಲ್ಮರ್ ಬಿಷಪ್ ಹೊಡೀತಿದಾನೆ ಅಂದ್ಕೋತಾನೆ.”

“ಕುರಿಗಳು ಏನು ಅಂದ್ಕೋತವೆ?”

“ವನೀಟಾ, ತೋಟಾ ತುಂಬು.”

ಹೀಗೆ ಹತ್ತು ಪಟಪಟಕ್ಕೆ ಒಂದು ಧಢಂ ನಡೆಯಿತು. ಪ್ರತಿ ಧಢಂ ಆದಮೇಲೆ ವನೀಟಾ ಐಸಿನ ಡಬ್ಬಿಯಿಂದ ಹಿಮಗಟ್ಟಿದ ಬಟಾಣಿಯ ಪೊಟ್ಟಣ ತೆಗೆದು ಅವನ ಕೈಗೆ ಒತ್ತುವಳು. ಪಿಸ್ತೂಲು ಪಳಗುವ ಲಕ್ಷಣವೇ ಇರಲಿಲ್ಲ. ಎರಡು ಗುಂಡು ಹೊಡೆದರೆ ಮೂರನೆಯದರ ಖಾಲಿ ಚಿಪ್ಪು ಹೊರಗೆ ಹಾರದೆ, ಬಾಯಲ್ಲೇ ಸಿಕ್ಕಿಕೊಂಡು, ಹೊಗೆಗೂಡಿನ ಹಾಗೆ ನೆಟ್ಟಗೆ ನಿಲ್ಲುವುದು. ಡೆಲ್ಮರ್ ಅದಕ್ಕೆ ಕುದುರೆಗೆ ಬೈಯುವ ಬೈಗುಳಗಳನ್ನೆಲ್ಲ ಬೈದ. ತೋಟಾದ ಕಂಪನಿ ಬದಲಾಯಿಸಿದ. ಎಣ್ಣೆ ಹಾಕಿದ. ಎಣ್ಣೆ ಜಾಸ್ತಿಯಾಯಿತೆಂದು ಒರೆಸಿದ.

ನಡುವೆ ರಸ್ತೆಯ ಕಡೆ ಧೂಳೆದ್ದಿತು. ಅರ್ಧ ದಾರಿ ಬಂದು, ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ವಾಪಸು ಹೋಯಿತು.

“ಯಾರೋ ದಾರಿ ತಪ್ಪಿದೋರು,” ಅಂದ ಡೆಲ್ಮರ್, ಉಸಿರು ಬಿಟ್ಟು.

“ಈ ರಸ್ತೇಲಿ ತಪ್ಪೋಕೆ ಇನ್ನೊಂದು ದಾರಿನೇ ಇಲ್ವಲ್ಲ, ಡೆಲ್.”

ವನೀಟಾಗೆ ಗೊತ್ತಿತ್ತು. ಡೆಲ್ಮರ್ ಕಸುಬಿನ ಮೇಲೆ ತಿರುಗುತ್ತಿದ್ದ ಕಾಲದಿಂದಲೂ ಮಂಗಳವಾರದ ಕಂಬಿಯ ಸದ್ದನ್ನು ಕೇಳುತ್ತಾ ಒಲೆಯ ಮುಂದೆ ನಿಂತವಳು ಅವಳು. ಡೆಲ್ಮರ್ ಮಂಗಳವಾರ ಬೆಳಿಗ್ಗೆ ಅಂಚೆಕಚೇರಿಯ ಹರಟೆಗೆ ಹೋಗುತ್ತಿದ್ದುದರಿಂದ ಅವನಿಗೆ ಅದು ತಿಳಿದಿರಲಿಲ್ಲ. ಧೂಳಿನಲ್ಲಿ ಬಂದು ಹೋದದ್ದು ನನ್ನ ಅತ್ತೆಯ ಜೀಪು. ಸ್ಟಿಯರಿಂಗ್ ಹಿಡಿದಿದ್ದವಳು ನಾನು. ಭುಜದ ದೆಸೆಯಿಂದ ಅತ್ತೆಗೆ ಅದನ್ನು ತಿರುಗಿಸಲಾಗುತ್ತಿರಲಿಲ್ಲ, ಮಂಗಳವಾರ ನನಗೆ ಕಾಲೇಜಿನಲ್ಲಿ ಪಾಠ ಇರುತ್ತಿರಲಿಲ್ಲ. ಬಾಟಲಿಯ ಪ್ರಸಂಗ ಆದಾಗಿನಿಂದ ಅತ್ತೆ ಮಂಗಳವಾರಕ್ಕೆ ಬದಲಾಗಿದ್ದಳು. ಟಗರು ಗುದ್ದಿ ಮಣಿಕಟ್ಟು ಮುರಿದುಕೊಂಡ ಬೆಲ್ಟ್ರಾನ್ ಕೂಡ ಅಲ್ಲಿಗೇ ಬರುತ್ತಿದ್ದ, ಬುತ್ತಿ ಡಬ್ಬಿಯಲ್ಲಿ ಚೋರಿಸೊ ಎಂಬ ಖಾರದ ಮಾಂಸ ಹಾಕಿದ ಬ್ರೆಡ್ಡಿನ ಕೆಳಗೆ ಇಪ್ಪತ್ತೆರಡರ ಪಿಸ್ತೂಲು ಇಟ್ಟುಕೊಂಡು. ಗುಡ್ಡದಾಚೆ ಕಿವಿ ನೆಟ್ಟು ಕೂತಿದ್ದಾನೆ ಎಂದು ಡೆಲ್ಮರ್ ಹೆದರುತ್ತಿದ್ದ ಆ ಮನುಷ್ಯ, ಅಂದು ನಮ್ಮ ಜೀಪಿನ ಹಿಂದೆಯೇ ತನ್ನ ಪಿಕಪ್ ನಿಲ್ಲಿಸಿಕೊಂಡು, ಧಢಂ ಕೇಳಿ ಟೋಪಿ ತೆಗೆದು ಸ್ಟಿಯರಿಂಗಿಗೆ ಬಡಿಯುತ್ತಿದ್ದ.

“ಇವನಿಗೆ ಶನಿವಾರ ಸಾಲದಾ?” ಅಂದಳು ಅತ್ತೆ. “ತಿರುಗಿಸು ಗಾಡಿ.”

ಮುಂದಿನ ಮಂಗಳವಾರವೂ ಹಾಗೇ ಆಯಿತು. ಪಟಪಟ ನಮ್ಮ ತನಕ ಬರುತ್ತಿರಲಿಲ್ಲ, ಗಾಳಿ ಅದನ್ನು ನುಂಗುತ್ತಿತ್ತು. ಕೇಳುತ್ತಿದ್ದುದು ಧಢಂ ಒಂದೇ. ಬೆಲ್ಟ್ರಾನ್ ಜೀಪಿನ ಕಿಟಕಿಗೆ ಒರಗಿ, “ಕ್ಲೀಟಾ, ನಾವು ಬುಧವಾರ ಬರೋಣ್ವಾ?” ಅಂದ.

“ಬುಧವಾರನೂ ಅವನು ಕಿತ್ಕೊಂಡ್ರೆ ಆಮೇಲೆ ಎಲ್ಲಿಗೆ ಹೋಗ್ತೀಯೋ? ಚರ್ಚಿಗಾ?” ಅಂದಳು ಅತ್ತೆ. ಅಂದು ಅವಳ ದನಿಯಲ್ಲಿ ನಗೆ ಇರಲಿಲ್ಲ. ಮನೆ ತಲುಪಿದ ಮೇಲೂ ಜೀಪಿನಿಂದ ಇಳಿಯದೆ, ಮಡಿಲಲ್ಲಿ ಪಿಸ್ತೂಲಿನ ಚೀಲ ಇಟ್ಟುಕೊಂಡು, ಗಾಳಿಗೆ ಬಾಗುವ ಗಿಡಗಳನ್ನು ನೋಡುತ್ತಾ ಕೂತಿದ್ದಳು.

ಜಲ್ಲಿಗುಂಡಿಯಲ್ಲಿ ಅಷ್ಟು ಹೊತ್ತಿಗೆ ವನೀಟಾ ಒಂದು ವಿಷಯ ಕಂಡುಕೊಂಡಿದ್ದಳು. ಧಢಂ ಆಗುವ ಮೊದಲು ಪಿಸ್ತೂಲು ಸಿಕ್ಕಿಕೊಳ್ಳುತ್ತಿರಲಿಲ್ಲ. ಧಢಂ ಆದಮೇಲೆ, ನೋವಿಗೆ ಡೆಲ್ಮರ್‌ನ ಮಣಿಕಟ್ಟು ಸಡಿಲವಾದಾಗ ಮಾತ್ರ ಸಿಕ್ಕಿಕೊಳ್ಳುತ್ತಿತ್ತು. ಗಟ್ಟಿಯಾಗಿ ಹಿಡಿಯದ ಕೈಯಲ್ಲಿ ಚಿಕ್ಕ ಪಿಸ್ತೂಲು ಚಿಪ್ಪನ್ನು ಸರಿಯಾಗಿ ಉಗುಳುವುದಿಲ್ಲ. ಇದನ್ನು ಇಡೀ ಊರಿಗೆ ಕಲಿಸಿದವನು ಡೆಲ್ಮರೇ.

“ಪಳಗದೆ ಇರೋದು ಪಿಸ್ತೂಲಲ್ಲ,” ಅಂದಳು ಅವಳು, ವಾಪಸು ಬರುವಾಗ.

“ಮತ್ತೆ?”

“ಏನಿಲ್ಲ. ರಸ್ತೆ ನೋಡ್ಕೊಂಡು ಓಡಿಸು.”

ಮಂಗಳವಾರದವರ ವಿಷಯವನ್ನೂ ಅವಳು ಅವನಿಗೆ ಹೇಳಲಿಲ್ಲ. ಯಾಕೆ ಅಂತ ನಾನು ಆಮೇಲೆ ಕೇಳಿದೆ. “ಹೇಳಿದ್ರೆ ಅವನೂ ಬುಧವಾರಕ್ಕೆ ಬದಲಾಯಿಸ್ತಿದ್ದ,” ಅಂದಳು. “ಎಲ್ಲರೂ ಒಬ್ಬರಿಂದೊಬ್ಬರು ತಪ್ಪಿಸ್ಕೊಂಡು ಓಡ್ತಾ ಓಡ್ತಾ ಕೊನೆಗೆ ಶನಿವಾರಕ್ಕೇ ಬಂದು ನಿಂತ್ಕೊಂಡಿರೋರು.”

ಮೂರನೆಯ ಮಂಗಳವಾರ ಗಾಳಿ ಬಿದ್ದುಹೋಗಿತ್ತು. ಡೆಲ್ಮರ್ ಎರಡು ಮ್ಯಾಗಜೀನ್ ಹೊಡೆದು, ಇನ್ನು ಬೆಲ್ಟ್ರಾನ್‌ನ ಕಿವಿಗೊಂದು ಧಢಂ ಕೊಡಬೇಕೆಂದು ಬಿಷಪ್ಪಿನ ತೋಟಾ ಡಬ್ಬಿ ತೆರೆದ. ಒಳಗೆ ಕುದುರೆಗಳಿಗೆ ತಿನ್ನಿಸುವ ಪೆಪ್ಪರ್‌ಮಿಂಟುಗಳು. ಕೆಂಪು ಬಿಳಿ ಪಟ್ಟೆಯವು, ಒಂದೊಂದೂ ಕಾಗದದಲ್ಲಿ ಸುತ್ತಿದ್ದು.

“ವನೀಟಾ.”

“ಹೂಂ.”

“ನನ್ನ ತೋಟಾ ಎಲ್ಲಿ?”

“ಹಿಟ್ಟಿನ ಡಬ್ಬೀಲಿ. ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕ್ಕೊ, ಮುಖ ಸರಿಹೋಗುತ್ತೆ.”

ಡೆಲ್ಮರ್ ಕೂಗಾಡಿದ. ತನ್ನನ್ನು ಊರಿನ ಮುಂದೆ ಮಂಗ ಮಾಡಲು ಹೊರಟಿದ್ದೀಯ ಅಂದ. ಗುಡ್ಡದಾಚೆ ಈಗ ಬೆಲ್ಟ್ರಾನ್ ಕುರಿಗಳ ಜೊತೆ ಸೇರಿಕೊಂಡು ನಗುತ್ತಿದ್ದಾನೆ ಅಂದ. ವನೀಟಾ ತೋಟಾ ತುಂಬುತ್ತಲೇ ಇದ್ದಳು. ಕೂಗಾಟ ಮುಗಿದ ಮೇಲೆ ತುಂಬಿದ ಮ್ಯಾಗಜೀನನ್ನು ಅವನ ಅಂಗೈಯಲ್ಲಿಟ್ಟಳು. ಬೇರೆ ಕೆಲಸವಿಲ್ಲದೆ ಅವನು ಗೆರೆಯ ಮೇಲೆ ಹೋಗಿ ನಿಂತ.

ಪಟ್. ಟಿಂಗ್. ಪಟ್. ಟಿಂಗ್.

ಆ ಮ್ಯಾಗಜೀನ್ ಮುಗಿಯಿತು. ಇನ್ನೊಂದು ಮುಗಿಯಿತು. ಮತ್ತೊಂದೂ. ಚಿಪ್ಪುಗಳು ಒಂದೊಂದಾಗಿ ಬಿಸಿಲಿಗೆ ಹಾರಿ, ಮಿನುಗಿ, ಬೆಂಚಿನ ಮೇಲೆ ಬಿದ್ದು ಉರುಳಿದವು. ಹತ್ತಿರದ ಲಾಳ ತೂಗಿತು, ನಡುವಿನದು ತೂಗಿತು, ದಿಬ್ಬದ ಬುಡದಲ್ಲಿದ್ದ ಸಣ್ಣ ಕತ್ತೆಮರಿಯ ಲಾಳವೂ ತೂಗತೊಡಗಿತು. ಎಷ್ಟೋ ತಿಂಗಳಿಂದ ಕೈ ನೋಯದೆ ಗುಂಡು ಹೊಡೆದಿರಲಿಲ್ಲ ಅವನು. ವನೀಟಾ ಹೇಳುವ ಪ್ರಕಾರ ಅವನು ಬಾಯೊಳಗೇ ಏನೋ ಹಾಡುತ್ತಿದ್ದನಂತೆ. ರಾಗವಿರಲಿಲ್ಲ, ಆದರೆ ಹಾಡೇ.

ನಾವು ಕಂಬಿ ದಾಟಿ ಕಿಟಕಿ ಇಳಿಸಿ ಕಿವಿಗೊಟ್ಟೆವು. ಧಢಂ ಇಲ್ಲ. ಗಾಳಿ ಇಲ್ಲದ ದಿನ, ಪಟಪಟ ಸ್ಪಷ್ಟವಾಗಿ ಕೇಳುತ್ತಿತ್ತು.

“ಯಾರೋ ನಮ್ಮೋರೇ,” ಅಂದಳು ಅತ್ತೆ. ಹಿಂದೆ ಬೆಲ್ಟ್ರಾನ್ ಖುಷಿಯಿಂದ ಹಾರ್ನ್ ಒತ್ತಿದ. ನಾನು ಜೀಪನ್ನು ಜೋರಾಗಿ ಬಿಟ್ಟೆ.

ಧೂಳು ಮೊದಲು ಕಂಡವಳು ವನೀಟಾ. “ಗಾಡಿ,” ಎಂದು ಕೂಗಿದಳು. ಡೆಲ್ಮರ್‌ನ ಕೈ ಅಭ್ಯಾಸಬಲದಿಂದ ಕೆಲಸ ಮಾಡಿತು: ಗುಂಡು ನಿಲ್ಲಿಸಿ, ಖಾಲಿ ಮಾಡಿ, ಬಾಯಿ ತೆರೆದು, ಬೆಂಚಿನ ಮೇಲಿಟ್ಟು, ಗೆರೆಯ ಹಿಂದೆ ಬಂದ. ಬಂದ ಮೇಲೆ ತಲೆಗೆ ಹೊಳೆಯಿತು. ಪಿಸ್ತೂಲು ಬೆಂಚಿನ ನಡುವೆ ಬಿಸಿಲಲ್ಲಿ ಬಾಯಿ ತೆರೆದು ಕೂತಿತ್ತು. ಮುಟ್ಟುವಂತಿಲ್ಲ. ಮುಟ್ಟಿದರೆ ಮನೆಗೆ ಹೋಗು. ಅವನು ಫಲಕ ನೋಡಿದ, ರಸ್ತೆ ನೋಡಿದ, ಹೆಂಡತಿಯನ್ನು ನೋಡಿದ. ಫಲಕದಲ್ಲಿ ಟೋಪಿಯ ಬಗ್ಗೆ ಏನೂ ಬರೆದಿರಲಿಲ್ಲ. ಗೆರೆಯ ಹಿಂದಿನಿಂದಲೇ ಬಾಗಿ, ಟೋಪಿ ತೆಗೆದು, ಬೀಸಿ ಎಸೆದ. ಅದು ಸರಿಯಾಗಿ ಪಿಸ್ತೂಲಿನ ಮೇಲೆ ಹೋಗಿ ಬಿತ್ತು. ಅಂದು ಅವನ ಗುರಿ ತುಂಬ ಚೆನ್ನಾಗಿತ್ತು.

ಜೀಪು ನಿಂತಾಗ ನಮಗೆ ಕಂಡದ್ದು ಇಷ್ಟು: ಬೋಳುತಲೆಯ ಡೆಲ್ಮರ್, ಬೆಂಚಿನ ಮೇಲೆ ಟೋಪಿ, ಪಿಕಪ್ಪಿನ ಮೇಲೆ ಪೆಪ್ಪರ್‌ಮಿಂಟ್ ಚೀಪುತ್ತಾ ಕೂತ ವನೀಟಾ. ಅತ್ತೆಯ ಮುಖ ಕಲ್ಲಾಯಿತು. ತನ್ನ ಚೀಲವನ್ನು ಬೆನ್ನ ಹಿಂದೆ ಹಿಡಿದಳು. ಬೆಲ್ಟ್ರಾನ್ ಬುತ್ತಿ ಡಬ್ಬಿಯನ್ನು ಅಂಗಿಯೊಳಗೆ ತುರುಕಿಕೊಳ್ಳಲು ನೋಡಿದ, ಹಿಡಿಸಲಿಲ್ಲ.

“ಏನು ಈ ಕಡೆ?” ಅಂದ ಡೆಲ್ಮರ್, ಅಂಚೆಕಚೇರಿಯ ದನಿಯಲ್ಲಿ.

“ಊಟಕ್ಕೆ ಬಂದ್ವಿ,” ಅಂದ ಬೆಲ್ಟ್ರಾನ್, ಡಬ್ಬಿ ತೋರಿಸಿ.

“ಜಲ್ಲಿಗುಂಡೀಲಿ?”

“ನೋಟ ಚೆನ್ನಾಗಿದೆ.”

ಅತ್ತೆ ಬೆಂಚಿನ ಕಡೆ ಎರಡು ಹೆಜ್ಜೆ ಹಾಕಿದಳು. “ಟೋಪಿ ಕೆಳಗೆ ಏನು, ಡೆಲ್ಮರ್?”

“ಬಿಷಪ್.”

“ಬಿಷಪ್ ಇಷ್ಟು ಸೊರಗಿದಾರಾ? ಉಪವಾಸನಾ?”

“ಕ್ಲೀಟಾ, ಟೋಪಿ ಮುಟ್ಟಬೇಡ.”

“ಬಂದವರು ಕಣ್ಣಾರೆ ನೋಡಬೇಕು,” ಎಂದು ಅತ್ತೆ ಫಲಕ ಓದಿದಳು. “ನಿನ್ನದೇ ಕೈಬರಹ.” ಟೋಪಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು.

ದೂರದ ಲಾಳವೊಂದು ಇನ್ನೂ ಸಣ್ಣಗೆ ತೂಗುತ್ತಿತ್ತು. ಮೊದಲು ನಕ್ಕವನು ಬೆಲ್ಟ್ರಾನ್. ಕುರಿ ಕೆಮ್ಮಿದ ಹಾಗೆ ಶುರುವಾಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಬುತ್ತಿ ಡಬ್ಬಿ ತೆರೆದು, ಬ್ರೆಡ್ಡು ಎತ್ತಿ, ತನ್ನ ಪಿಸ್ತೂಲು ತೋರಿಸಿದ. “ನೋಡೋ ಮಾರಾಯ. ನಿನ್ನ ಕಾಟಕ್ಕೆ ನಾನು ಚೋರಿಸೊ ವಾಸನೆ ಪಿಸ್ತೂಲಲ್ಲಿ ಹೊಡೀತಿದೀನಿ. ಆ ಧಢಂ ಯಾಕೋ ಮತ್ತೆ? ಎರಡು ವಾರ ನಮ್ಮನ್ನ ಅರ್ಧ ದಾರಿಯಿಂದ ಓಡಿಸಿದ್ಯಲ್ಲ!”

“ನಿನಗೆ ಕೇಳಿಸ್ಲಿ ಅಂತ.”

“ಕೇಳಿಸ್ತು! ಅದಕ್ಕೇ ಓಡಿದ್ದು!”

ಡೆಲ್ಮರ್‌ಗೂ ನಗು ಬರುತ್ತಿತ್ತು, ಬಾಯಿಯ ಒಂದು ಕಡೆ ಏರಿತ್ತು. ಆದರೆ ಅತ್ತೆ ನಗುತ್ತಿರಲಿಲ್ಲ. ಅದನ್ನು ಕಂಡು ಅವನ ಬಾಯಿ ಮತ್ತೆ ಇಳಿಯಿತು.

“ಎಷ್ಟು ದಿನದಿಂದ ಬರ್ತಿದೀಯ ನೀನು, ಮಂಗಳವಾರ?” ಅಂತ ಅವಳನ್ನು ಕೇಳಿದ.

“ನೀನು ನನ್ನ ಕೊರಳಿಗೆ ಅದನ್ನ ಹಾಕಿದ ವಾರ ಬಿಟ್ಟು, ಮುಂದಿನ ವಾರದಿಂದ.”

“ಅದು ತಮಾಷೆ, ಕ್ಲೀಟಾ.”

“ನಾನೂ ನಕ್ಕೆ. ನೋಡಿದ್ಯಲ್ಲ.”

ಡೆಲ್ಮರ್ ತನ್ನ ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ. ಅದು ನೋವಿಗೋ, ಅವಳಿಗೆ ಕಾಣದಿರಲೆಂದೋ ಗೊತ್ತಿಲ್ಲ. ಅತ್ತೆ ಬೆಂಚಿನ ಮೇಲಿನ ಪಿಸ್ತೂಲನ್ನು ಬಾಗಿ ನೋಡಿ, “ಖಾಲಿ. ಆಯ್ತು,” ಅಂದಳು, ನಿಯಮದ ಪ್ರಕಾರ. ಆಮೇಲೆ, “ಶನಿವಾರ ತಗೊಂಡು ಬಾ. ಎಲ್ಲರೂ ಇರ್ತಾರೆ. ಬಾಟಲಿ ಅಲ್ಲೇ ಮೊಳೇಲಿ ಇರುತ್ತೆ,” ಅಂದು, ಬೆಂಚಿನ ಆ ತುದಿಗೆ ಹೋಗಿ ಚೀಲದ ಜಿಪ್ಪು ಎಳೆದಳು. ಅಂದು ಮೂವರೂ ಮಧ್ಯಾಹ್ನದ ತನಕ ಹೊಡೆದರು. ಡೆಲ್ಮರ್‌ನ ಪಿಸ್ತೂಲು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಅತ್ತೆ ಬೆಂಚಿನ ಆ ತುದಿಯನ್ನು ಬಿಟ್ಟು ಬರಲಿಲ್ಲ.

ಶನಿವಾರ ಡೆಲ್ಮರ್ ಬರುವುದಿಲ್ಲ ಎಂದು ಬೆಲ್ಟ್ರಾನ್ ಹೇಳಿದ. ಸೂರಿನ ಮೇಲೆ ಇನ್ನೂ ಹೆಂಚುಗಳು ಬಾಕಿ ಇವೆಯಲ್ಲ ಅಂದ. ಶನಿವಾರ ಅತ್ತೆ ಬಹಳ ದಿನದ ಮೇಲೆ ಶನಿವಾರದ ಅಂಗಿ ಹಾಕಿಕೊಂಡಳು. ಕಂಬಿ ದಾಟುವಾಗ ನಾನು ಏಣಿಯ ಕಡೆ ನೋಡಿದೆ. ಏಣಿ ಗೋಡೆಯ ಬುಡದಲ್ಲಿ ಮಲಗಿತ್ತು.

ಜಲ್ಲಿಗುಂಡಿಯಲ್ಲಿ ಊರೆಲ್ಲ ಸೇರಿತ್ತು. ಡೆಲ್ಮರ್ ಎಲ್ಲರಿಗಿಂತ ಮೊದಲೇ ಬಂದಿದ್ದ. ಹಾಲಿನ ಬಾಟಲಿ ಅವನ ಕೊರಳಲ್ಲೇ ತೂಗುತ್ತಿತ್ತು, ಯಾರೂ ಹಾಕುವ ಮೊದಲೇ. ಅದರಲ್ಲಿ ಅವನು ಕಾಫಿ ತುಂಬಿಕೊಂಡಿದ್ದ, ಲೋಟ ಹಿಡಿಯುವುದಕ್ಕಿಂತ ಇದೇ ಸುಲಭ ಅಂತ. ಜನ ನಕ್ಕು ನಕ್ಕು ಬೆಂಚು ಹಿಡಿದುಕೊಂಡರು. ಪಾದ್ರಿ ಕೂಡ ನಕ್ಕರು, ಡೆಲ್ಮರ್ ಅವರ ಕಡೆ ತಿರುಗಿ, “ನಗಿ ಸ್ವಾಮಿ, ನಗಿ. ನಿಮ್ಮ ಮಣಿಕಟ್ಟು ಎಷ್ಟು ದಿನ ಗಟ್ಟಿ ಇರುತ್ತೋ ನೋಡ್ತೀನಿ,” ಅಂದ. ಆದರೆ ಅವನ ಕಣ್ಣು ನಮ್ಮ ಜೀಪಿನ ಮೇಲಿತ್ತು.

ಅತ್ತೆ ಇಳಿದು, ಚೀಲವನ್ನು ಬೆನ್ನ ಹಿಂದೆ ಹಿಡಿಯದೆ, ಎಲ್ಲರಿಗೂ ಕಾಣುವ ಹಾಗೆ ಹೆಗಲಿಗೆ ಹಾಕಿಕೊಂಡು ನಡೆದಳು. ಡೆಲ್ಮರ್ ಎದುರಿಗೆ ಬಂದು ನಿಂತ. ಬಾಟಲಿಯ ದಾರವನ್ನು ಒಮ್ಮೆ ಸರಿಮಾಡಿಕೊಂಡ. ಗೆರೆಗೆ ಬನ್ನಿ ಎಂದು ಯಾರೋ ಸೀಟಿ ಊದಿದರು.

“ಕ್ಲೀಟಾ,” ಅಂದ ಅವನು, ದನಿ ತಗ್ಗಿಸಿ, “ಇದರ ವಿಷಯದಲ್ಲಿ ಆವತ್ತು ನಾನು ನಿನಗೆ, ಅಂದ್ರೆ, ನಿನ್ನ ಭುಜ ಹಾಗಿದ್ದಾಗ ನಾನು ಮಾಡಿದ್ದು...” ಎಂದವನು, ಕೊರಳಲ್ಲಿ ಕಾಫಿ ಕುಲುಕಿಸಿಕೊಂಡು, ಮಾತನ್ನು ಅಲ್ಲೇ ಬಿಟ್ಟು ಹಳದಿ ಗೆರೆಯ ಕಡೆ ನಡೆದೇಬಿಟ್ಟ.